ಒಂಬತ್ತನೆಯ ತುಂಡು

ಹಮು ಕ್ರೋಕ್
೧೨ ಜನವರಿ ೧೯೯೭

ಪ್ರೀತಿಯ ನ್ಯಾನ್,

ನೀವೆಲ್ಲ ಬಸ್ಸು ಹತ್ತಿದ ಮೇಲೆ ನಾನು ಹಿತ್ತಲಿಗೆ ಹೋದೆ. ಹುಣಸೆಮರದ ಬುಡದಲ್ಲಿ, ನಾಲ್ಕು ತಿಂಗಳು ನಿನ್ನ ಅಣ್ಣನ ಡಬ್ಬಿ ಇದ್ದ ಗುಳಿಯೊಳಗೆ ಆಗಲೇ ಎರಡು ಕೋಳಿಗಳು ಇಳಿದು ಕೆದಕುತ್ತಿದ್ದವು. ಅವನ್ನು ಓಡಿಸಿ, ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ. ಮಗಳು ದುಯೆನ್ ಬಾಗಿಲಲ್ಲಿ ನಿಂತು, "ಅಮ್ಮಾ, ಗುದ್ದಲಿ ತರ್ಲಾ?" ಎಂದಳು. ಬೇಡವೆಂದೆ. ಗುದ್ದಲಿ ಬೇಕಾಗುವಷ್ಟು ದೊಡ್ಡ ಗುಳಿಯಲ್ಲ ಅದು. ಮೂವತ್ತು ವರ್ಷ ಈ ಮನೆಯಲ್ಲಿ ಬಾಳಿದ ಮನುಷ್ಯ, ಕಾಲಿನಿಂದ ಎಳೆದ ಮಣ್ಣಿಗೆ ಮುಚ್ಚಿಹೋದ.

ಥೋಂಗ್ ನಿಮ್ಮ ಮನೆಯ ಮಗ, ಚಿತೆಯಲ್ಲಿ ಸುಟ್ಟ ಮೇಲೆ ಅವನ ಹಣೆಯಿಂದ ಆರಿಸಿದ ಒಂಬತ್ತು ತುಂಡು ಎಲುಬು ನಿಮ್ಮ ತಾಯಿಯ ಕುಲದ ಸಮಾಧಿಬಯಲಾದ ಕುಟ್‌ನಲ್ಲೇ ಕಲ್ಲುಗಳ ಕೆಳಗೆ ಸೇರಬೇಕು ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನನ್ನ ಅಪ್ಪನನ್ನೂ ಅವನ ಅಕ್ಕಂದಿರು ಹೀಗೇ ಬಂದು ಕರೆದೊಯ್ದರು. ಆಗ ಅಮ್ಮ ಅಕ್ಕಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ. ಅವಳದು ಗಟ್ಟಿ ಎದೆ ಎಂದುಕೊಂಡಿದ್ದೆ. ಅವಳು ಕೇರುತ್ತಿದ್ದ ಮೊರದಲ್ಲಿ ಕಲ್ಲೇ ಇರಲಿಲ್ಲ ಎಂಬುದು ಈಗ ನೆನಪಾಗುತ್ತದೆ.

ಈ ವಾರ ಕ್ವಾವ್ ಹೊಳೆಯ ಗದ್ದೆಯಿಂದ ಮಡಕೆಗೆ ಮಣ್ಣು ತಂದೆವು. ಪ್ರತಿ ವರ್ಷ ಥೋಂಗ್ ಅಗೆಯುತ್ತಿದ್ದ, ನಾನು ಉಂಡೆ ಕಟ್ಟುತ್ತಿದ್ದೆ. ಈ ಸಲ ದುಯೆನ್ ಅಗೆದಳು. ಮೊಣಕಾಲಿಗಿಂತ ಆಳ ಹೋಗಬೇಡ ಎಂದು ಹೇಳಬೇಕಾಯಿತು. ಅವನಿಗೆ ಹೇಳಬೇಕಿರಲಿಲ್ಲ.

ನಿನ್ನನ್ನು ಒಂದು ಕೇಳಬೇಕು. ಆ ಡಬ್ಬಿ ಹಿತ್ತಾಳೆಯದು. ನಿಮ್ಮೂರ ಬಿಸಿಲಿಗೆ ಹಿತ್ತಾಳೆ ಕಾದು ಕೆಂಡವಾಗುತ್ತದೆ. ನಾನೊಂದು ಪುಟ್ಟ ಮಡಕೆಯನ್ನು ಕೈಯಲ್ಲೇ ಕಟ್ಟಿ, ಸುಟ್ಟು ಕಳಿಸುತ್ತೇನೆ. ಮುಚ್ಚಳವೂ ಇರುತ್ತದೆ. ಅವನನ್ನು ಅದರಲ್ಲಿ ಇಡಲು ಆಗುತ್ತದೆಯೇ? ಥಾಪ್ ಮಾವನನ್ನು ಕೇಳಿ ನೋಡು. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ.

ನಿನ್ನ ಅತ್ತಿಗೆ,
ಲುವಾ

*

ಫಾನ್ ರಿ
೨೫ ಜನವರಿ ೧೯೯೭

ಅತ್ತಿಗೆಯವರಿಗೆ,

ಥಾಪ್ ಮಾವನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಮಡಕೇಲಿ ಮೀನು ಉಪ್ಪಿಗೆ ಹಾಕ್ತಾರೆ ಕಣಮ್ಮ, ಮನುಷ್ಯರನ್ನಲ್ಲ," ಎಂದರು. ಬೇಸರ ಮಾಡಿಕೊಳ್ಳಬೇಡಿ, ಅವರ ಬಾಯಿ ಹಾಗೆ. ಕುಲದ ಹಿರಿಯನಾಗಿ ಅವರು ಹೇಳುವುದೂ ಸರಿಯೇ. ನಮ್ಮ ಅಜ್ಜಿ, ಅಮ್ಮ, ಎಲ್ಲರೂ ಲೋಹದ ಡಬ್ಬಿಯಲ್ಲೇ ಕಾದರು. ಅಣ್ಣನೊಬ್ಬನೇ ಬೇರೆ ಆಗುವುದು ಬೇಡ.

ಡಬ್ಬಿ ಮನೆಯ ಹಿಂದಿನ ಬಂಡೆಯ ಸಂದಿನಲ್ಲಿದೆ. ಮೇಲೆ ಕಳ್ಳಿ ಬೆಳೆದಿದೆ, ಬಿಸಿಲು ತಾಕುವುದಿಲ್ಲ. ಮುಚ್ಚಳ ಬಿಗಿಯಾಗಿದೆ. ಕುಟ್‌ಗೆ ಸೇರುವ ದಿನದವರೆಗೆ ಅದನ್ನು ಯಾರೂ ತೆರೆಯುವ ಹಾಗಿಲ್ಲ, ನಾನೂ ಸೇರಿ. ನೀವು ನಿಶ್ಚಿಂತೆಯಿಂದಿರಿ.

ನಿಮ್ಮ ಮಡಕೆಗಳ ಮಾತು ಬಂದಾಗ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅವುಗಳಿಂದಲೇ ಅಲ್ಲವೇ ನಾನು ಅಣ್ಣನನ್ನು ಕಳೆದುಕೊಂಡದ್ದು? ನನಗೆ ಹನ್ನೆರಡು ವರ್ಷ. ನೀವು ನಿಮ್ಮ ಅಮ್ಮನ ಜೊತೆ ಎತ್ತಿನಗಾಡಿಯಲ್ಲಿ ಮಡಕೆ ತುಂಬಿಕೊಂಡು ಬಂದು ನಮ್ಮ ಸಂತೆಯ ಆಲದ ಕೆಳಗೆ ಇಳಿದಿದ್ದಿರಿ. ಅಣ್ಣ ಅಕ್ಕಿಪಡ್ಡಿನ ಹಂಚು ತಂದ. ಮಾರನೆಯ ದಿನ ಅದು ಒಡೆದಿತ್ತು. ಬದಲಿಸಿ ತಂದ. ಅದೂ ಒಡೆಯಿತು. ಮೂರನೆಯ ಸಲ ಅವನು ಕೊಟ್ಟಿಗೆಯ ಹಿಂದೆ ಕಲ್ಲಿನಿಂದ ಕುಟ್ಟುತ್ತಿದ್ದುದನ್ನು ನಾನೇ ನೋಡಿದೆ. "ಅಮ್ಮಂಗೆ ಹೇಳ್ಬೇಡ ಕಣೇ, ನಿಂಗೆ ಬೆಲ್ಲದ ಮಿಠಾಯಿ ಕೊಡಿಸ್ತೀನಿ," ಎಂದ. ನಾನು ಹೇಳಲಿಲ್ಲ. ಮುಂದಿನ ಸುಗ್ಗಿಗೆ ಅವನು ಬಟ್ಟೆಗಂಟು ಹೆಗಲಿಗೇರಿಸಿ ನಿಮ್ಮ ಮನೆಗೆ ಬಾಳಲು ಹೊರಟ. ಮಿಠಾಯಿ ಕೊಡಿಸಿದನೋ ಇಲ್ಲವೋ ನೆನಪಿಲ್ಲ.

ಮಗ್ಗದ ಮೇಲೆ ಒಂದು ಸೆರಗು ಅರ್ಧಕ್ಕೆ ನಿಂತಿದೆ. ಬರೆಯುವುದನ್ನು ನಿಲ್ಲಿಸುತ್ತೇನೆ.

ನ್ಯಾನ್

*

ಹಮು ಕ್ರೋಕ್
೨೦ ಫೆಬ್ರವರಿ ೧೯೯೭

ನ್ಯಾನ್,

ಮಾವ ಹೇಳಿದ್ದು ತಿಳಿಯಿತು. ಇನ್ನು ಕೇಳುವುದಿಲ್ಲ.

ಅವನು ಹೋದ ಮೇಲೆ ಮೊದಲ ಸಲ ಬೆಂಕಿ ಹಾಕಿದೆ. ಬಯಲಲ್ಲಿ ಕಟ್ಟಿಗೆ ಹಾಸಿ, ಮೇಲೆ ಮಡಕೆ ಒಟ್ಟಿ, ಹುಲ್ಲು ಹೊದಿಸುವುದು ನನಗೆ ಬರುತ್ತದೆ. ಗಾಳಿ ನೋಡುವುದು ಬರುವುದಿಲ್ಲ. ಮಧ್ಯಾಹ್ನ ಅವನು ಲುಂಗಿಯ ಅಂಚು ಎತ್ತಿ ಹಿಡಿದು ನಿಂತಿರುತ್ತಿದ್ದ. ಅಂಚು ಎರಡು ಸಲ ಅಲುಗಿ ಮೂರನೆಯ ಸಲ ನೆಟ್ಟಗೆ ನಿಂತರೆ, "ಹಚ್ಚೇ!" ಎನ್ನುತ್ತಿದ್ದ. ಮೂವತ್ತು ವರ್ಷ ನಾನು ಆ ಮಾತಿಗೆ ಕಡ್ಡಿ ಗೀರಿದವಳು. ಮೊನ್ನೆ ಯಾರೂ ಹೇಳದೆ ಗೀರಿದೆ. ಗಾಳಿ ತಿರುಗಿತು. ನಲವತ್ತು ಮಡಕೆಗಳಲ್ಲಿ ಮೂವತ್ತೊಂದು ಸೀಳಿದವು. ಪಕ್ಕದ ಮನೆಯ ಅಜ್ಜಿ ಬಂದು, "ಏನೇ ಲುವಾ, ಮಡಕೆ ಸುಟ್ಯೋ ಪಟಾಕಿ ಹೊಡೆದ್ಯೋ?" ಎಂದಳು. ನಾನೂ ನಕ್ಕೆ. ಆಮೇಲೆ ಅವಳೇ ಕೂತು ನನ್ನ ಜೊತೆ ಚೂರು ಆರಿಸಿದಳು.

ಎರಡನೆಯ ಸಲಕ್ಕೆ ಒಂದೇ ಒಂದು ಹಂಡೆ ಕಟ್ಟಿದೆ. ನಮ್ಮಲ್ಲಿ ಮಡಕೆ ತಿರುಗುವುದಿಲ್ಲ, ನಾವೇ ಅದರ ಸುತ್ತ ತಿರುಗುತ್ತೇವೆ ಎಂದು ನಿನಗೆ ಗೊತ್ತಲ್ಲ. ಬೆನ್ನು ಬಾಗಿಸಿ, ಹಿಂದು ಹಿಂದಕ್ಕೆ ಹೆಜ್ಜೆ. ಅವನು ತಮಾಷೆ ಮಾಡುತ್ತಿದ್ದ, "ಹಿಂದಕ್ಕೆ ನಡೆದು ನಡೆದೇ ನೀನು ಸೈಗಾನ್ ಮುಟ್ಟಿ ವಾಪಸ್ ಬಂದಿದ್ದೀಯ ಕಣೇ!" ಈ ಹಂಡೆಗೆ ನಾನು ಮೂರು ದಿನ ತಿರುಗಿದೆ. ತಳವನ್ನು ದಪ್ಪವಾಗಿಯೇ ಬಿಟ್ಟೆ. ಬೆಂಕಿಯಿಂದ ಕೆಂಪಗೆ ಹೊರತೆಗೆದು, ಸೊಪ್ಪಿನ ಪೊರಕೆಯಲ್ಲಿ ಕಾಡುಹಣ್ಣಿನ ರಸ ಚಿಮುಕಿಸುವ ಕೆಲಸ ಯಾವತ್ತೂ ಅವನದು. ಅವನ ಕೈ ದೊಡ್ಡದು, ಕಲೆಗಳು ಅಗಲಗಲ ಬೀಳುತ್ತಿದ್ದವು. ನನ್ನವು ಹನಿಹನಿಯಾಗಿ ಬಿದ್ದಿವೆ, ಅಳುತ್ತಾ ಉಪ್ಪು ಉದುರಿಸಿದ ಹಾಗೆ.

ಆದರೂ ಹಂಡೆ ಸೀಳಲಿಲ್ಲ. ಹಡಗಿನಲ್ಲಿ ಸಾಮಾನು ಕಳಿಸುವ ವ್ಯಾಪಾರಿಯೊಬ್ಬ ಬಂದು ಅದರ ಮುಂದೆ ಬಹಳ ಹೊತ್ತು ಕೂತಿದ್ದ. ಮಾರುವುದಿಲ್ಲ ಎಂದೆ. ದುಯೆನ್‌ಗೆ ಕೋಪ. "ನೀರು ತುಂಬಲ್ಲ, ಅಕ್ಕಿ ಹಾಕಲ್ಲ, ಮಾರಲ್ಲ. ಹಂಗಾದ್ರೆ ಅದು ಯಾತಕ್ಕಮ್ಮ?" ಹಂಡೆ ನನ್ನ ಹಾಸಿಗೆಯ ಪಕ್ಕದಲ್ಲಿದೆ.

ಲುವಾ

*

ಫಾನ್ ರಿ
೧೮ ಮಾರ್ಚ್ ೧೯೯೭

ಅತ್ತಿಗೆ,

ಒಳ್ಳೆಯ ಸುದ್ದಿ. ಕುಲದವರೆಲ್ಲ ನಿನ್ನೆ ಸೇರಿದ್ದರು. ಕುಟ್‌ಗೆ ಸೇರಿಸಲು ಏಪ್ರಿಲ್ ೨೭ಕ್ಕೆ ದಿನ ಗೊತ್ತಾಗಿದೆ. ಎಂಟು ವರ್ಷದಿಂದ ಕಾದಿರುವವರದು ಸೇರಿ ಹದಿನಾಲ್ಕು ಡಬ್ಬಿಗಳು. ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ, ಈ ಸಲ ಸೇರಿಸುವುದು ಬೇಡ ಎಂದು ಒಬ್ಬರಿಬ್ಬರು ಅಂದರು. ನಾನು ಎದ್ದು ನಿಂತೆ. "ಇನ್ನೊಂದು ಎಂಟು ವರ್ಷ ಅವನನ್ನು ಬಂಡೆ ಸಂದೀಲಿ ಕೂರಿಸ್ತೀರಾ? ನಾನಿರ್ತೀನೋ ಇಲ್ವೋ!" ಎಂದೆ. ಗಂಡಸರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಥಾಪ್ ಮಾವ ನಕ್ಕು, "ಸರಿ ಬಿಡ್ರೋ, ತಂಗಿ ಬಾಯಿಗೆ ಹೆದರಿ ಅವನೇ ಎದ್ದು ಬಂದಾನು," ಎಂದರು. ಒಪ್ಪಿದರು.

ಅವತ್ತು ಪೂಜಾರಿಗಳು ಒಂದೊಂದೇ ಡಬ್ಬಿ ತೆರೆದು ತುಂಡುಗಳನ್ನು ಗಂಧದ ನೀರಿನಲ್ಲಿ ತೊಳೆದು, ಬಿಳಿಬಟ್ಟೆಯ ಮೇಲೆ ಎಣಿಸಿ ಇಡುತ್ತಾರೆ. ಒಂಬತ್ತು ಸರಿಯಾಗಿದ್ದವರು ಒಳಗೆ. ಆಮೇಲೆ ಅವರಿಗೆ ಬೇರೆ ಹೆಸರಿಲ್ಲ, ಅವರೆಲ್ಲ ನಮ್ಮ ಹಿರಿಯರು.

ನೀವು ಬನ್ನಿ. ಸೊಸೆಯರು, ಅಳಿಯಂದಿರು ಬೇಲಿಯ ಹೊರಗೆ ನಿಲ್ಲಬೇಕು. ಅಲ್ಲಿ ಬೇವಿನಮರದ ನೆರಳಿದೆ. ನಿಮಗೆಂದು ಮಣೆ ಹಾಕಿಸಿರುತ್ತೇನೆ.

ನ್ಯಾನ್

*

ಹಮು ಕ್ರೋಕ್
೨೯ ಮಾರ್ಚ್ ೧೯೯೭

ನ್ಯಾನ್,

ಈ ಕಾಗದವನ್ನು ಯಾರಿಗೂ ಓದಿ ಹೇಳಬೇಡ. ಮಾವನಿಗಂತೂ ಬೇಡವೇ ಬೇಡ.

ನಿನ್ನ ಬಳಿ ಇರುವ ಒಂಬತ್ತರಲ್ಲಿ ಒಂದು ನಿನ್ನ ಅಣ್ಣನದಲ್ಲ. ಅದು ಮಣ್ಣು. ನಾನು ಮಾಡಿದ್ದು.

ಡಬ್ಬಿ ನಮ್ಮ ಹುಣಸೆಮರದ ಕೆಳಗಿದ್ದಾಗ ಒಂದು ಸಲ ತೆರೆದೆ. ನೋಡುವುದಕ್ಕೆ ಮಾತ್ರ, ದೇವರಾಣೆ. ಒಂಬತ್ತೂ ಒಂದೇ ತರಹ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು. ಆದರೆ ಒಂದಕ್ಕೆ ನವಿರಾದ ಬಾಗು ಇತ್ತು. ಹಣೆಯ ನಡುವಿನದು ಅದು. ನಾನು ಅದನ್ನು ಕಣ್ಣಿನಿಂದ ಗುರುತಿಸಲಿಲ್ಲ, ಬೆರಳಿನಿಂದ ಗುರುತಿಸಿದೆ. ಬೆಂಕಿಯ ಮುಂದಿನಿಂದ ಎದ್ದು ಬಂದು, ಮುಖವೆಲ್ಲ ಮಸಿಯಾಗಿ, ನನ್ನ ಮುಂದೆ ತಲೆ ಬಗ್ಗಿಸುತ್ತಿದ್ದ. "ಇಲ್ಲೊಂದು ಮಡಕೆ ಉಳಿದುಹೋಗಿದೆ, ಇದನ್ನೂ ಒಂಚೂರು ನುಣುಪು ಮಾಡೇ." ಹಂಡೆಯ ಬಾಯಿ ಒರೆಸುವ ಒದ್ದೆ ಬಟ್ಟೆಯಲ್ಲೇ ನಾನು ಅವನ ಹಣೆ ಒರೆಸುತ್ತಿದ್ದೆ. ಮೂವತ್ತು ವರ್ಷ. ಆ ಬಾಗು ನನ್ನ ಕೈಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಹಳೆಯ ಲುಂಗಿಯಲ್ಲಿ ಎರಡು ಸಲ ಜರಡಿ ಹಿಡಿದ ಮಣ್ಣು ತೆಗೆದುಕೊಂಡೆ. ಹೆಬ್ಬೆರಳಿನ ಮೇಲೆ ಒತ್ತಿ ಬಾಗಿಸಿದೆ. ಅಡುಗೆ ಒಲೆಯ ಕೆಂಡದಲ್ಲಿ ಹುಗಿದು ಸುಟ್ಟರೆ ಕೆಂಪಾಗಿ ಬಂತು. ಕಪ್ಪೆಚಿಪ್ಪು ಸುಟ್ಟ ಸುಣ್ಣ ಬಳಿದೆ, ಹಾಲಿನಂತೆ ಬೆಳ್ಳಗಾಯಿತು. ಹೊಟ್ಟಿನ ಹೊಗೆ ಹಿಡಿದೆ, ಕಪ್ಪಾಯಿತು. ಹತ್ತು ಕೆಟ್ಟವು. ಹನ್ನೊಂದನೆಯದನ್ನು ಎಂಟರ ಜೊತೆ ಬೆರೆಸಿ ನಾನೇ ಹುಡುಕಬೇಕಾಯಿತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬೇರೆ ಏನನ್ನೂ ಮಾಡಿಲ್ಲ. ನೀವು ಬಂದು ಡಬ್ಬಿ ಒಯ್ಯುವಾಗ ನಿಜವಾದದ್ದು ನನ್ನ ಸೊಂಟದ ಗಂಟಿನಲ್ಲಿತ್ತು.

ಬಣ್ಣ ನೋಡಿದೆ, ತೂಕ ನೋಡಿದೆ, ಬಾಗು ನೋಡಿದೆ. ತೊಳೆಯುತ್ತಾರೆಂಬುದನ್ನು ಮಾತ್ರ ಮರೆತೆ. ನಿನ್ನ ಕಾಗದದಲ್ಲಿ ಗಂಧದ ನೀರು ಎಂದು ಓದಿದಾಗ ನೆನಪಾಯಿತು. ಅದು ಬರೀ ಒಲೆಯ ಬೆಂಕಿ. ಅದರಲ್ಲಿ ಎಷ್ಟು ಬೆಂದರೂ ಮಣ್ಣು ನೀರು ಕುಡಿಯುತ್ತದೆ, ಕುಡಿದರೆ ವಾಸನೆ ಬಿಡುತ್ತದೆ. ಹೊಸ ಹಂಡೆಗೆ ಮೊದಲ ಸಲ ನೀರು ಸುರಿದಾಗ ಬರುವ ವಾಸನೆ ಅದು. ಸುಣ್ಣ ಬಿಟ್ಟು ಕೆಂಪೂ ಕಾಣುತ್ತದೆ. ಮಡಕೆ ಮಾಡುವವಳಿಗೆ ಇದು ಹೊಳೆಯಬೇಡವೇ? ಹೊಳೆಯಲಿಲ್ಲ.

ಬೈಯಿ. ಆದರೆ ಕಾಗದ ಬರೆದು ಬೈಯಿ. ಸುಮ್ಮನಿರಬೇಡ.

ಲುವಾ

*

ಫಾನ್ ರಿ
೪ ಏಪ್ರಿಲ್ ೧೯೯೭

ಅದು ಎಲ್ಲಿದೆ?

ನ್ಯಾನ್

*

ಹಮು ಕ್ರೋಕ್
೯ ಏಪ್ರಿಲ್ ೧೯೯೭

ನ್ಯಾನ್,

ಹಂಡೆಯ ತಳದಲ್ಲಿದೆ.

ಸೊಂಟದಲ್ಲಿ ಎಷ್ಟು ದಿನ ಇಟ್ಟುಕೊಳ್ಳಲಿ? ಒಂದು ದಿನ ದುಯೆನ್ ಬಟ್ಟೆ ಒಗೆಯಲು ತೆಗೆದುಕೊಂಡು, "ಏನಮ್ಮ ಇದು, ಗಂಟಲ್ಲಿ ಅಡಿಕೆ ಕಟ್ಕೊಂಡಿದ್ದೀಯಾ?" ಎಂದಳು. ಅವತ್ತೇ ಮಣ್ಣು ತುಳಿದೆ. ತಳದ ಬಿಲ್ಲೆ ತಟ್ಟಿ, ನಡುವೆ ಅವನನ್ನು ಇಟ್ಟು, ಮೇಲೆ ಇನ್ನೊಂದು ಬಿಲ್ಲೆ ಹೊದಿಸಿದೆ. ಆಮೇಲೆ ಗೋಡೆ ಎಬ್ಬಿಸುತ್ತಾ ಮೂರು ದಿನ ಅವನ ಸುತ್ತ ತಿರುಗಿದೆ. ಗಾಳಿ ನೋಡುವಾಗ ಕೇಳಿದೆ, "ಹಚ್ಲಾ?" ಎಂದು. ಗಾಳಿ ನೆಟ್ಟಗೆ ನಿಂತಿತು.

ಒಂದು ಕೇಳುತ್ತೇನೆ, ಕೋಪ ಮಾಡಬೇಡ. ಮಣ್ಣಿನ ತುಂಡನ್ನು ತೆಗೆದು ಬಿಸಾಡಿಬಿಡು. ಒಂದು ಎಲ್ಲೋ ಉದುರಿಹೋಯಿತು ಎಂದು ಹೇಳು. ಎಂಟಿದ್ದರೆ ಸಾಲದೇ? ಅವನು ಅಷ್ಟು ದೊಡ್ಡ ಮನುಷ್ಯ. ಎಂಟರಲ್ಲಿ ಅವನು ನಿಮಗೆ ಸಾಕಾಗುವಷ್ಟು ಇರುವುದಿಲ್ಲವೇ?

ಹಂಡೆ ಒಡೆಯಲು ನನ್ನಿಂದ ಆಗುವುದಿಲ್ಲ.

ಲುವಾ

*

ಫಾನ್ ರಿ
೧೫ ಏಪ್ರಿಲ್ ೧೯೯೭

ಅತ್ತಿಗೆ,

ಎಂಟು ಸಾಲದು. ನಿಮಗೂ ಗೊತ್ತು. ಒಂಬತ್ತು ಇಲ್ಲದವನನ್ನು ಬೇಲಿಯ ಹೊರಗೆ, ಕೆಟ್ಟ ಸಾವು ಸತ್ತವರ ಸಾಲಿನಲ್ಲಿ ಇಡುತ್ತಾರೆ. ಅವನು ಮನೆಯಲ್ಲಿ, ತನ್ನ ಚಾಪೆಯ ಮೇಲೆ, ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಸತ್ತವನು. ಅವನು ಅಮ್ಮನಿಂದ ಹತ್ತು ಹೆಜ್ಜೆ ದೂರದಲ್ಲಿ, ದಾರಿಹೋಕನಂತೆ ಬಿದ್ದಿರಲಿ ಎನ್ನುತ್ತೀರಾ? ಅವನ ಜಾಗಕ್ಕಾಗಿ ನಾನು ಗಂಡಸರ ನಡುವೆ ಎದ್ದು ಕೂಗಿದ್ದೆ.

ಹನ್ನೊಂದು ದಿನ ನಾನು ನಿಮಗೆ ಬರೆಯದೆ ಇದ್ದದ್ದು ಬರೀ ಕೋಪದಿಂದಲ್ಲ. ಹೇಳಲು ನಾಚಿಕೆಯಾಗಿತ್ತು. ಈಗ ಹೇಳುತ್ತೇನೆ.

ಯಾರೂ ತೆರೆಯುವ ಹಾಗಿಲ್ಲ ಎಂದು ನಾನೇ ಬರೆದಿದ್ದೆನಲ್ಲ? ನಾನು ದಿನಾ ತೆರೆಯುತ್ತಿದ್ದೆ. ಸಂಜೆ ಮಗ್ಗ ಬಿಟ್ಟೆದ್ದು, ಕಳ್ಳಿ ಸರಿಸಿ, ಡಬ್ಬಿ ತೆಗೆದು ಅವನ ಜೊತೆ ಮಾತಾಡುತ್ತಿದ್ದೆ. ಈರುಳ್ಳಿ ಬೆಳೆ, ಮಾವನ ಹಲ್ಲುನೋವು, ಎಲ್ಲ ಹೇಳುತ್ತಿದ್ದೆ. ಒಂಬತ್ತರಲ್ಲಿ ಯಾವಾಗಲೂ ಒಂದನ್ನೇ ಕೈಗೆತ್ತಿಕೊಳ್ಳುತ್ತಿದ್ದೆ. ಉಳಿದವು ತಣ್ಣಗೆ, ಒರಟಾಗಿ ಇದ್ದವು. ಅದೊಂದೇ ಅಂಗೈಯಲ್ಲಿ ಬೇಗ ಬೆಚ್ಚಗಾಗುತ್ತಿತ್ತು. ಒಳಬಾಗಿನಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. ಯೋಚನೆ ಮಾಡುವಾಗ ಅಣ್ಣ ಹಣೆ ಗಂಟಿಕ್ಕುತ್ತಿದ್ದ, ಆ ಗೆರೆ ಎಲುಬಿಗೂ ಇಳಿದಿದೆ ಎಂದುಕೊಂಡೆ. ನನ್ನ ಕೈಗೆ ನೂಲು ಗೊತ್ತು, ಮಣ್ಣು ಗೊತ್ತಿಲ್ಲ.

ಅದು ನಿಮ್ಮ ಹೆಬ್ಬೆರಳಿನ ಗುರುತು.

ಮೂರು ತಿಂಗಳು ನಾನು ನಿಮ್ಮ ಹೆಬ್ಬೆರಳನ್ನು ಹಿಡಿದುಕೊಂಡು ಅಣ್ಣಾ ಅಣ್ಣಾ ಎಂದಿದ್ದೇನೆ. ನಿಮಗೆ ಅವನು ಮೂವತ್ತು ವರ್ಷ ಸಿಕ್ಕಿದ ಅತ್ತಿಗೆ. ನನಗೆ ಸಿಕ್ಕಿದ್ದು ಒಂಬತ್ತು ತುಂಡು. ಅದರಲ್ಲೂ ನಾನು ಆರಿಸಿಕೊಂಡದ್ದೇ ಅವನಲ್ಲ.

ಹಂಡೆ ಒಡೆಯಿರಿ. ತನ್ನಿ.

ನ್ಯಾನ್

*

ಹಮು ಕ್ರೋಕ್
೨೨ ಏಪ್ರಿಲ್ ೧೯೯೭

ನ್ಯಾನ್,

ಒಡೆದೆ.

ಮೊದಲು ಅದಕ್ಕೆ ನೀರು ತುಂಬಿದೆ. ಒಂದು ಸಲವೂ ನೀರು ಕಾಣದೆ ಹೋಗುವುದು ಬೇಡ ಅನಿಸಿತು. ಆ ವಾಸನೆ ಮನೆಯೆಲ್ಲ ತುಂಬಿತು. ಹೊರಬದಿ ಬೆವರಿತು. ಮಧ್ಯಾಹ್ನದವರೆಗೆ ಪಕ್ಕದಲ್ಲಿ ಕೂತಿದ್ದೆ. ದುಯೆನ್‌ಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನಾನು ಒಡೀಲಾ ಅಮ್ಮ? ನೀನು ಆಚೆ ಹೋಗು," ಎಂದಳು. ಕಟ್ಟಿದವಳು ನಾನು, ಬೇಡ ಎಂದೆ. ನೀರು ಚೆಲ್ಲಿ, ಅಂಗಳಕ್ಕೆ ತಂದಿಟ್ಟು, ಕಟ್ಟುವಾಗಿನಂತೆಯೇ ಹಿಂದು ಹಿಂದಕ್ಕೆ ಅದರ ಸುತ್ತ ಒಂದು ಸುತ್ತು ನಡೆದೆ. ಆಮೇಲೆ ಒನಕೆ ಎತ್ತಿದೆ. ಒಂದೇ ಪೆಟ್ಟಿಗೆ ಗೋಡೆ ಹೋಯಿತು. ತಳಕ್ಕೆ ನಾಲ್ಕು ಪೆಟ್ಟು ಬೇಕಾಯಿತು. ಅಷ್ಟು ಗಟ್ಟಿಯಾಗಿ ಅಮುಕಿದ್ದೆ.

ಅವನು ಸಿಕ್ಕಿದ. ಆದರೆ ಸುತ್ತಲಿನ ಮಣ್ಣಿನ ಬಣ್ಣ ಹತ್ತಿ ಕೆಂಪಾಗಿದ್ದಾನೆ. ಬೂದಿಯಲ್ಲಿ ತಿಕ್ಕಿದೆ, ಹುಣಸೆಯಲ್ಲಿ ತಿಕ್ಕಿದೆ, ಹೋಗಲಿಲ್ಲ. ನಾನು ಮಾಡಿದ ಸುಳ್ಳು ಎಲುಬಿನ ಹಾಗಿದೆ, ಅವನ ಎಲುಬು ಮಡಕೆ ಚೂರಿನ ಹಾಗಿದೆ. ಪೂಜಾರಿ ಇದನ್ನೇ ಆಚೆ ಹಾಕಿದರೆ ಏನು ಮಾಡಲಿ?

ಇಪ್ಪತ್ತಾರರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣದಲ್ಲೇ ತೆಗೆದುಕೊಂಡುಬಿಡು. ಮನೆಯವರೆಗೆ ತಂದರೆ ಮತ್ತೆ ನನ್ನ ಮನಸ್ಸು ಏನು ಹೇಳುತ್ತದೋ ಗೊತ್ತಿಲ್ಲ.

ಲುವಾ

*

ಹಮು ಕ್ರೋಕ್
೬ ಮೇ ೧೯೯೭

ನ್ಯಾನ್,

ಊರು ಸೇರಿ ಎಂಟು ದಿನವಾಯಿತು. ಅವತ್ತು ಸರಿಯಾಗಿ ನಿನ್ನ ಜೊತೆ ಎರಡು ಮಾತಾಡಲೂ ಆಗಲಿಲ್ಲ. ನೀನು ಬಸ್‌ ನಿಲ್ದಾಣದಲ್ಲಿ ಕೈ ಚಾಚಿದೆ, ನಾನು ಗಂಟು ಬಿಚ್ಚಿದೆ, ಅಷ್ಟೇ. ನಿನ್ನ ಕೂದಲು ಇಷ್ಟು ನೆರೆತಿದೆ ಎಂದು ನನಗೆ ಗೊತ್ತಿರಲಿಲ್ಲ.

ಬೇಲಿಯ ಹೊರಗೆ ನೀನು ಮಣೆ ಹಾಕಿಸಿದ್ದೆ, ಆದರೆ ನನಗೆ ಕೂರಲು ಆಗಲಿಲ್ಲ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಅವನ ಸರದಿ ಬಂದಾಗ ಪೂಜಾರಿ ಒಂದು, ಎರಡು ಎಂದು ಎಣಿಸುತ್ತಾ ಎಂಟಕ್ಕೆ ನಿಂತರು. "ಇದ್ಯಾಕಮ್ಮ ಹಿಂಗೆ ಕೆಂಪಗಿದೆ?" ಎಂದು ಅವರು ಕೇಳಿದರು. ಆಗ ನಿನ್ನ ಧ್ವನಿ ಬಂತು. "ಕುಂಬಾರಗಿತ್ತಿ ಗಂಡ ಅಲ್ವಾ ಸ್ವಾಮಿ, ಮೂವತ್ತು ವರ್ಷ ಬೆಂಕಿಗೆ ಕೊಟ್ಟ ಹಣೆ ಅದು. ಕೆಂಪಗಿರದೆ ಬೆಳ್ಳಗಿರ್ತದಾ?" ಎಲ್ಲರೂ ನಕ್ಕರು. ಥಾಪ್ ಮಾವನೂ ನಕ್ಕರು. ಆ ನಗುವಿನ ನಡುವೆ ಒಂಬತ್ತು ಎಂಬುದು ಕೇಳಿತು. ಬೇವಿನಮರ ಹಿಡಿದುಕೊಂಡೆ.

ಆಮೇಲೆ ಅವರು ಅವನ ಹೆಸರು ಕರೆದರು. ನಿಮ್ಮ ತಾಯಿಯ ಮಗ ಎಂದು, ನಿಮ್ಮ ಅಜ್ಜಿಯ ಮೊಮ್ಮಗ ಎಂದು ಕರೆದರು. ನಾನು ಕಾಯುತ್ತಿದ್ದೆ. ಏನನ್ನು ಎಂದು ಈಗ ಕೇಳಿದರೆ ಹೇಳಲಾರೆ. ಯಾರ ಗಂಡ ಎಂದು ಕರೆಯುವ ಪದ್ಧತಿ ಇಲ್ಲವೆಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಕಲ್ಲು ಮುಚ್ಚಿದ ಸದ್ದು ಕೇಳಿತು. ಆ ಕಲ್ಲಿಗೆ ಹೆಸರಿಲ್ಲ.

ಮನೆಗೆ ಬಂದು ಹಂಡೆಯ ಚೂರುಗಳನ್ನು ಕುಟ್ಟಿ ಪುಡಿ ಮಾಡಿದೆ. ಹೊಸ ಮಣ್ಣಿಗೆ ಬೆರೆಸಿ ಪಡ್ಡಿನ ಹಂಚು ಮಾಡಿದೆ. ಅರವತ್ತು ಹಂಚು, ಎಲ್ಲವೂ ಮಾರಾಟವಾದವು. ಯಾರ ಯಾರ ಮನೆಯ ಒಲೆಯ ಮೇಲೋ ಇವೆ. ದುಯೆನ್ ಈಗ ಲುಂಗಿಯ ಅಂಚು ಎತ್ತಿ ಗಾಳಿ ನೋಡುವುದನ್ನು ಕಲಿಯುತ್ತಿದ್ದಾಳೆ. ಅವಳು "ಹಚ್ಚಮ್ಮ" ಎಂದಾಗ ನನಗೆ ಕಡ್ಡಿ ಗೀರಲು ಒಂದು ಗಳಿಗೆ ತಡವಾಗುತ್ತದೆ.

ನನ್ನ ಕಾಲ ಬಂದಾಗ ಅವಳು ನನ್ನ ಒಂಬತ್ತನ್ನು ಇಲ್ಲೇ, ನನ್ನ ಅಮ್ಮನ ಕಲ್ಲಿನ ಕೆಳಗೆ ಇಡುತ್ತಾಳೆ. ಅಲ್ಲಿಗೂ ಇಲ್ಲಿಗೂ ಎತ್ತಿನಗಾಡಿಯಲ್ಲಿ ಎರಡು ದಿನದ ದಾರಿ. ಎತ್ತಿನಗಾಡಿಗಳೂ ಈಗ ಇಲ್ಲ.

ನಿನ್ನ ಬಳಿ ಉಳಿದ ಮಣ್ಣಿನ ತುಂಡನ್ನು ಹೊಳೆಗೆ ಎಸೆದುಬಿಡು. ಅದನ್ನು ನೋಡಿದಾಗಲೆಲ್ಲ ನಿನಗೆ ನನ್ನ ಮೇಲೆ ಕೋಪ ಬರುವುದು ಬೇಡ.

ಲುವಾ

*

ಫಾನ್ ರಿ
೮ ಜೂನ್ ೧೯೯೭

ಅತ್ತಿಗೆ,

ತಡವಾಗಿ ಬರೆಯುತ್ತಿದ್ದೇನೆ. ಏನು ಬರೆಯಬೇಕೆಂದು ಗೊತ್ತಿರಲಿಲ್ಲ.

ಆ ತುಂಡು ನನ್ನ ಬಳಿ ಇಲ್ಲ. ಹೊಳೆಗೂ ಎಸೆದಿಲ್ಲ. ಅವತ್ತು ಎಲ್ಲರೂ ಊಟಕ್ಕೆ ಹೋದ ಮೇಲೆ, ಒಳಗೆ ಗುಡಿಸುವ ಕೆಲಸ ಮನೆಯ ಕಿರಿಯ ಮಗಳಾದ ನನ್ನದು. ಕಲ್ಲಿನ ಪಕ್ಕದಲ್ಲಿ ನೆಲ ಇನ್ನೂ ಸಡಿಲವಾಗಿತ್ತು. ಗೇಣುದ್ದ ಬಗೆದು, ಅದನ್ನು ಬಟ್ಟೆ ಸುತ್ತದೆ ಹಾಗೇ ಇಟ್ಟು, ಮರಳು ಎಳೆದೆ. ಬೇರೆ ಕುಲದ ಹೆಣ್ಣಿನದು ಏನೂ ನಮ್ಮ ಕುಟ್‌ನೊಳಗೆ ಹೋಗಬಾರದು ಎಂದು ನನಗೆ ಗೊತ್ತು. ಅದು ಎಲುಬಲ್ಲ, ಬರೀ ಮಣ್ಣು. ಯಾರಾದರೂ ಕೇಳಿದರೆ ಹಾಗೆನ್ನುತ್ತೇನೆ. ನಿಮ್ಮ ಬೆರಳಿನ ಗುರುತನ್ನು ಅವನ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.

ನನಗೆ ಅದನ್ನು ಬಿಡಲು ಮನಸ್ಸಿರಲಿಲ್ಲ ಅತ್ತಿಗೆ. ನಿಮ್ಮಲ್ಲಿ ಸುಳ್ಳು ಹೇಳುವುದಿಲ್ಲ. ಈಗಲೂ ಸಂಜೆಯಾದರೆ ಮಗ್ಗ ಬಿಟ್ಟೇಳುತ್ತೇನೆ. ಬಂಡೆಯವರೆಗೆ ಹೋಗಿ, ಕಳ್ಳಿ ಸರಿಸಿ, ಆಮೇಲೆ ಅಲ್ಲಿ ಏನೂ ಇಲ್ಲವೆಂದು ನೆನಪಾಗುತ್ತದೆ. ಸುಮ್ಮನೆ ಕೈ ತೊಳೆದುಕೊಂಡು ಒಳಗೆ ಬರುತ್ತೇನೆ.

ಮೊನ್ನೆ ಈ ವರ್ಷದ ಮೊದಲ ಮಳೆ ಬಂತು. ಕೊಡೆ ಇಲ್ಲದೆ ಕುಟ್‌ನ ಹತ್ತಿರ ಹೋದೆ. ನೀವು ನಿಂತಿದ್ದ ಬೇವಿನಮರದ ಕೆಳಗೆ, ಬೇಲಿಯ ಹೊರಗೇ ನಿಂತೆ. ನಮ್ಮದು ಮರಳು ನೆಲ. ಎಷ್ಟು ಮಳೆ ಬಿದ್ದರೂ ಸದ್ದು ಬರುತ್ತದೆಯೇ ಹೊರತು ವಾಸನೆ ಬರುವುದಿಲ್ಲ. ಆದರೆ ಅವತ್ತು ಕಲ್ಲುಗಳ ಕಡೆಯಿಂದ ಒಂದು ವಾಸನೆ ಬಂತು. ಹೊಸ ಹಂಡೆಗೆ ನೀರು ಸುರಿದ ಹಾಗೆ. ಅಷ್ಟು ಚಿಕ್ಕ ತುಂಡಿಗೆ ಅಷ್ಟು ವಾಸನೆ ಇರಲು ಸಾಧ್ಯವಿಲ್ಲವೆಂದು ನೀವು ಹೇಳಬಹುದು. ಮಣ್ಣು ಬಲ್ಲವರು ನೀವು.

ಮಳೆ ನಿಲ್ಲುವವರೆಗೂ ನಿಂತಿದ್ದೆ. ಬಿಸಿಲು ಬಂದ ಮೇಲೆ ಅದೂ ಹೋಯಿತು.

ನಿಮ್ಮ ನಾದಿನಿ,
ನ್ಯಾನ್